‘ಬೇಡ’ ಎಂಬ ಚೌಕ

ನಕ್ಷೆಯಕ್ಕನ ಜೊತೆ ವಾದಕ್ಕೆ ಇಳಿಯುವ ಮುಂಚೆ ಊಟ ಮುಗಿಸಿಕೊಂಡು ಹೋಗಿ ಎಂದು ಆ ಕಚೇರಿಗೆ ಹೊಸದಾಗಿ ಸೇರಿದವರಿಗೆ ಹಳಬರು ಬುದ್ಧಿ ಹೇಳುತ್ತಿದ್ದರು. ಅವಳ ವಾದ ಅರ್ಧಕ್ಕೆ ನಿಲ್ಲುವಂಥದ್ದಲ್ಲ. ಸೋತರೆ ಸೋತೆ ಎಂದು ಎಲ್ಲರೆದುರು ಬಾಯಿಬಿಟ್ಟು ಒಪ್ಪಿಕೊಂಡು, ಯಾಕೆ ಸೋತೆ ಎಂದು ಇನ್ನೂ ಒಂದಷ್ಟು ಹೊತ್ತು ವಿವರಿಸಿ, ಆಮೇಲೇ ಏಳುವವಳು. ಗೆದ್ದರಂತೂ ಕೇಳುವುದೇ ಬೇಡ.

ಕಚೇರಿ ಎಂದರೆ ಆಂಬುಲೆನ್ಸ್ ಕಳಿಸುವ ಕಚೇರಿ. ಯಾರಿಗೋ ಎದೆ ಹಿಡಿದುಕೊಂಡಿತು, ಯಾರೋ ಮೆಟ್ಟಿಲಿಂದ ಉರುಳಿದರು ಎಂದು ಊರಿನವರೆಲ್ಲ ಫೋನ್ ಮಾಡುವುದು ಇಲ್ಲಿಗೆ. ಕೆಳಗಿನ ಮಹಡಿಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಫೋನ್ ಎತ್ತುವವರು ಕೂರುತ್ತಾರೆ. ಫೋನ್ ಬಂದ ಜಾಗ ಯಾವುದು, ಅದಕ್ಕೆ ಹತ್ತಿರದ ಗಾಡಿ ಎಲ್ಲಿದೆ, ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದೆ ಎಂದು ಅವರ ಪರದೆಯ ಮೇಲೆ ಹೇಳುವ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವವರು ಮೇಲಿನ ಮಹಡಿಯಲ್ಲಿ. ನಕ್ಷೆಯಕ್ಕ ಮೇಲಿನವಳು. ಮೇಲಿನವರು ಕೆಳಗೆ ಇಳಿಯುತ್ತಿದ್ದದ್ದು ಕ್ಯಾಂಟೀನಿಗೆ ಮಾತ್ರ, ಅದು ಕೆಳಗಿತ್ತಲ್ಲ ಎಂಬ ಕಾರಣಕ್ಕೆ.

ಅವಳೇನೂ ಮೊದಲಿಂದ ಕಂಪ್ಯೂಟರಿನವಳಲ್ಲ. ಪ್ರಾಯದಲ್ಲಿ ಒಂದು ಕಟ್ಟಡದ ಕಂಪನಿಯಲ್ಲಿ ಇಳಿಜಾರು ಮೇಜಿನ ಮುಂದೆ ನಿಂತು ಮನೆಗಳ ಪ್ಲಾನ್ ಬಿಡಿಸುತ್ತಿದ್ದಳು. ಗೋಡೆ ಎಲ್ಲಿ, ಕಿಟಕಿ ಎಲ್ಲಿ, ನೀರಿನ ಪೈಪು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿ ಇಳಿಯುತ್ತದೆ, ಎಲ್ಲ ಅವಳ ಪೆನ್ಸಿಲ್ಲಿನಿಂದ. ಒಂದು ದಿನ ಅಲ್ಲಿಗೆ ಕಂಪ್ಯೂಟರ್ ಬಂತು. ಇಳಿಜಾರು ಮೇಜುಗಳು ಅಟ್ಟ ಸೇರಿದವು, ಮೇಜಿನ ಮುಂದೆ ನಿಂತವರು ಮನೆ ಸೇರಿದರು. ಬೇರೆಯವರಾಗಿದ್ದರೆ ಹಣೆಬರಹ ಎಂದು ಸುಮ್ಮನಾಗುತ್ತಿದ್ದರು. ಇವಳು ಮಾರನೆಯ ವಾರವೇ ಪ್ರೋಗ್ರಾಮ್ ಕಲಿಸುವ ತರಗತಿಗೆ ಸೇರಿದಳು. “ನನ್ನ ಕೆಲಸ ಕಿತ್ಕೊಂಡಿದ್ದು ಯಾರು, ಅದರ ಹೊಟ್ಟೇಲಿ ಏನಿದೆ ಅಂತ ನೋಡ್ಬೇಡ್ವಾ?” ಎಂದು ಗಂಡನನ್ನು ಕೇಳಿದ್ದಳಂತೆ. ಗಂಡ, ಪಾಪ, ಸಿಟ್ಟಿನಲ್ಲಿ ಶುರುವಾದದ್ದು ನಾಲ್ಕು ದಿನಕ್ಕೆ ಇಳಿಯುತ್ತದೆ ಎಂದುಕೊಂಡ. ಇವಳ ಸಿಟ್ಟು ಇಳಿಯುವ ಜಾತಿಯದ್ದಲ್ಲ ಎಂದು ಸಂಸಾರ ಮಾಡಿಯೂ ಅವನಿಗೆ ಗೊತ್ತಾಗಿರಲಿಲ್ಲ.

ಆಂಬುಲೆನ್ಸ್ ಕಚೇರಿಗೆ ಸೇರಿದ ಮೊದಲ ದಿನ ಅವಳು ಕೇಳಿದ ಮೊದಲ ಮಾತು, “ಇದರ ನಕ್ಷೆ ಎಲ್ಲಿದೆ?”

“ನಕ್ಷೆ ಗಿಕ್ಷೆ ಏನಿಲ್ಲ ಮೇಡಂ. ಎಲ್ಲಾ ತಲೇಲಿದೆ,” ಎಂದರು.

“ಯಾರ ತಲೇಲಿ?”

ಆ ತಲೆ ನಿವೃತ್ತಿಯಾಗಿ ಮನೆಗೆ ಹೋಗಿಯಾಗಿತ್ತು. ಈ ಪ್ರೋಗ್ರಾಮುಗಳನ್ನೆಲ್ಲ ಬರೆದ ಆ ಹಳಬರು ಮಾತು ಕಡಿಮೆಯ ಮನುಷ್ಯ. ಹೆಸರುಗಳನ್ನೆಲ್ಲ ನಮ್ಮ ಮಾತಿನಲ್ಲೇ, ಒಂದೊಂದೇ ಪದದಲ್ಲಿ ಇಟ್ಟಿದ್ದರು. ಗಾಡಿ ಹುಡುಕುವುದು ‘ಹುಡುಕು’. ಗಾಡಿ ಕಳಿಸುವುದು ‘ಕಳಿಸು’. ಸಾಲಿನಲ್ಲಿ ಕಾಯಿಸುವುದು ‘ಕಾಯಿ’. ಹೊಸಬನೊಬ್ಬ ಅದನ್ನು ನೋಡಿ, ಇದಿನ್ನೂ ಹಣ್ಣಾಗಿಲ್ಲವೇ ಎಂದು ಕೇಳಿ ನಗೆಪಾಟಲಾಗಿದ್ದ. ಇನ್ನೊಂದರ ಹೆಸರು ‘ಬೇಡ’.

ನಕ್ಷೆ ಇಲ್ಲದ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವುದೂ ಅಪಾಯ ಎಂದು ಅವಳು ಯಾರನ್ನೂ ಕೇಳದೆ ಮೇಲಿನ ಮಹಡಿಯ ಉದ್ದನೆಯ ಬಿಳಿ ಗೋಡೆಯ ಮೇಲೆ ಬಿಡಿಸಲು ಶುರುಮಾಡಿದಳು. ಒಂದೊಂದು ಪ್ರೋಗ್ರಾಮಿಗೆ ಒಂದೊಂದು ಚೌಕ. ಯಾರು ಯಾರನ್ನು ಕೆಲಸಕ್ಕೆ ಕರೆಯುತ್ತಾರೋ ಅವರ ನಡುವೆ ಗೆರೆ. ಗೆರೆಗಳು ಹೆಚ್ಚಿದಂತೆ ಹೊಸಬರು ಕಂಗಾಲಾದಾಗ ಅವಳು ಚೌಕಗಳಿಗೆ ನಂಟಸ್ತಿಕೆ ಹಚ್ಚಿದಳು. ‘ಕಳಿಸು’ ಎಂಬುದು ಅತ್ತೆ, ಅವಳನ್ನು ಕೇಳದೆ ಆ ಮನೆಯಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ. ಆಸ್ಪತ್ರೆಗಳ ಕಂಪ್ಯೂಟರುಗಳು ಬೀಗರು, ಹೇಳಿಕಳಿಸಿದ ಮೇಲೇ ಬರುತ್ತಾರೆ, ಮರ್ಯಾದೆ ಒಂದು ಚೂರು ಕಡಿಮೆಯಾದರೂ ಮುನಿಸಿಕೊಂಡು ಹೋಗುತ್ತಾರೆ. ಒಂದೇ ಕೆಲಸವನ್ನು ಬೇರೆ ಬೇರೆಯಾಗಿ ಮಾಡುತ್ತ ಒಬ್ಬರ ಮುಖ ಒಬ್ಬರು ನೋಡದ ಎರಡು ಪ್ರೋಗ್ರಾಮುಗಳು ಪಾಲಾದ ಅಣ್ಣತಮ್ಮಂದಿರು. ಸ್ವಲ್ಪ ದಿನದಲ್ಲೇ, ಏನಾದರೂ ಕೆಟ್ಟಿತೆಂದರೆ ಜನ ಕಂಪ್ಯೂಟರ್ ಬಿಟ್ಟು ಗೋಡೆಯ ಕಡೆ ಓಡುವುದು ರೂಢಿಯಾಯಿತು. “ಅತ್ತೆಗೂ ಬೀಗರಿಗೂ ಮತ್ತೆ ಏನೋ ಆಗಿದೆ” ಎಂದು ಒಬ್ಬ ಕೂಗಿದರೆ ಉಳಿದವರಿಗೆ ಎಲ್ಲಿ ಕೈ ಹಾಕಬೇಕೆಂದು ತಿಳಿಯುತ್ತಿತ್ತು. ಅವಳಿಗೆ ನಕ್ಷೆಯಕ್ಕ ಎಂಬ ಹೆಸರು ಬಂದದ್ದೂ ಆಗಲೇ.

‘ಬೇಡ’ಕ್ಕೆ ಗೋಡೆಯ ಮೇಲೆ ಯಾವ ನಂಟೂ ಸಿಗಲಿಲ್ಲ. ಅವಳು ಅದರ ಹೆಸರು ನೋಡಿದಳು, ಬೇಡವಾದದ್ದು ಎಂದುಕೊಂಡಳು, ಮೂಲೆಯಲ್ಲೊಂದು ಚೌಕ ಬರೆದು ಅದರ ಮೇಲೆ ಅಡ್ಡಗೆರೆ ಎಳೆದು ಮುಂದಕ್ಕೆ ಹೋದಳು.

ಹೀಗಿರುವಾಗ ಹೊಸ ಮುಖ್ಯಸ್ಥರು ಬಂದರು. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು, ಮಾತಿನಲ್ಲಿ ಮೃದು, ಕೆಲಸದಲ್ಲಿ ಚುರುಕು, ಒಟ್ಟಿನಲ್ಲಿ ದ್ವೇಷಿಸಲು ಅನುಕೂಲವಿಲ್ಲದ ಮನುಷ್ಯ. ಅವರು ಬರುವಾಗ ಒಂದು ಹೊಸ ಸಾಧನ ತಂದರು. ಅದನ್ನು ದೊಡ್ಡ ಪರದೆಗೆ ಜೋಡಿಸಿದರೆ ಇಡೀ ವ್ಯವಸ್ಥೆಯ ಚಿತ್ರವನ್ನು ಅದೇ ಬಿಡಿಸುತ್ತದೆ. ಚೌಕಗಳು ತಾವಾಗಿ ಮೂಡುತ್ತವೆ. ಕರೆ ಹೋದಾಗ ಗೆರೆ ಬೆಳಗುತ್ತದೆ, ಓಡಾಟ ಹೆಚ್ಚಿದರೆ ಗೆರೆ ದಪ್ಪವಾಗುತ್ತದೆ, ಕೆಟ್ಟರೆ ಕೆಂಪಾಗುತ್ತದೆ.

ನಕ್ಷೆಯಕ್ಕ ಇದನ್ನು ಕಂಡು ಕಾಲು ಕೆರೆದು ಜಗಳಕ್ಕೆ ನಿಲ್ಲುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಬಂದಳು, ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತಳು, ಮಧ್ಯಾಹ್ನದ ತನಕ ಏಳಲಿಲ್ಲ. ಆಮೇಲೆ ಒದ್ದೆ ಬಟ್ಟೆ ತೆಗೆದುಕೊಂಡು ಗೋಡೆಯ ಹತ್ತಿರ ಹೋಗಿ ತಾನೇ ಎಳೆದ ಗೆರೆಗಳನ್ನು ಒರೆಸತೊಡಗಿದಳು. “ಇದು ನಾನು ಊಹೆ ಮೇಲೆ ಬರೆದಿದ್ದು, ತಪ್ಪು. ಇದೂ ತಪ್ಪು. ಅಯ್ಯೋ, ಇವರಿಬ್ಬರು ಮಾತೇ ಆಡಲ್ಲ, ನಾನು ಸುಮ್ನೆ ಸಂಬಂಧ ಕಟ್ಟಿಬಿಟ್ಟಿದ್ದೆ.” ಅಂದಿನಿಂದ ಅವಳು ಆ ಸಾಧನದ ಕಡೆಯವಳಾದಳು. ಗೋಡೆ ತಪ್ಪಬಹುದು, ಪರದೆ ತಪ್ಪುವುದಿಲ್ಲ ಎಂದು ಹೋದಲ್ಲಿ ಬಂದಲ್ಲಿ ಹೇಳಿದಳು. ಆ ಮಾತು ಮುಂದೆ ಅವಳ ಕೊರಳಿಗೇ ಸುತ್ತಿಕೊಂಡಿತು.

ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಬದಲಾಯಿಸುವ ಕಾಲ ಬಂದಿತ್ತು. ಹಳೆಯದರಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸಬೇಕು. ಮುಖ್ಯಸ್ಥರು ಸಭೆ ಕರೆದು, ಪರದೆಯ ಮೇಲೆ ಒಂದೂ ಗೆರೆಯಿಲ್ಲದೆ ಬೂದು ಬಣ್ಣದಲ್ಲಿ ಬಿದ್ದಿದ್ದ ಚೌಕಗಳನ್ನು ತೋರಿಸಿ, “ಇವು ಯಾರ ಜೊತೆಯೂ ಮಾತಾಡ್ತಿಲ್ಲ. ಇವುಗಳನ್ನ ಹೊತ್ಕೊಂಡು ಹೋಗೋದು ಬೇಡ. ಗೆರೆ ಇಲ್ಲದ್ದನ್ನೆಲ್ಲ ತೆಗೆಯೋಣ,” ಎಂದರು. ಮಾತು ನ್ಯಾಯವಾಗಿತ್ತು. ಮನೆ ಬದಲಿಸುವಾಗ ಅಟ್ಟದ ಮೇಲಿನ ಹರಕು ಮುರುಕನ್ನು ಹೊತ್ತೊಯ್ಯುವವರು ಯಾರು? ನಕ್ಷೆಯಕ್ಕನೇ ಮುಂದೆ ನಿಂತು ಒಂದೊಂದನ್ನೂ ಪರೀಕ್ಷೆಯ ಕಂಪ್ಯೂಟರಿನಲ್ಲಿ ನಿಲ್ಲಿಸಿ ನೋಡಿದಳು. ಏನೂ ಆಗಲಿಲ್ಲ. ‘ಬೇಡ’ವನ್ನು ನಿಲ್ಲಿಸಿದಾಗಲೂ ಏನೂ ಆಗಲಿಲ್ಲ. ತೆಗೆಯಬಹುದು ಎಂದು ಸಹಿ ಹಾಕಿದಳು. ವಾರದ ಕೊನೆಗೆ ಅವೆಲ್ಲವನ್ನೂ ನಿಲ್ಲಿಸುವುದೆಂದು ತೀರ್ಮಾನವಾಯಿತು.

ಅವಳ ಮನೆಯಲ್ಲಿದ್ದ ನಿಜವಾದ ಅತ್ತೆಯ ವಿಷಯವನ್ನು ಇಲ್ಲಿ ಹೇಳಬೇಕು. ಆ ಮುದುಕಿ ಬಾಯಿ ತೆರೆದರೆ ಬರುವ ಮೊದಲ ಮಾತೇ ಬೇಡ. ಕಾಫಿ ಬೇಕೇ ಎಂದರೆ ಬೇಡ. ಹೊದಿಕೆ ಬೇಕೇ ಎಂದರೆ ಬೇಡ. ಡಾಕ್ಟರ ಹತ್ತಿರ ಹೋಗೋಣವೇ ಎಂದರೆ ಬೇಡವೇ ಬೇಡ. ಹಾಗೆಂದು ನಂಬಿ ಸುಮ್ಮನಿದ್ದಿರೋ, ಎರಡು ದಿನ ಮುಖ ಊದಿಕೊಂಡಿರುತ್ತದೆ. ಸೊಸೆಗೆ ಅದರ ಒಳಗುಟ್ಟು ತಿಳಿಯಲು ವರ್ಷಗಳೇ ಹಿಡಿದವು. ಮುಖ ನೋಡಿ ಬೇಡ ಎಂದರೆ ನಿಜವಾಗಿ ಬೇಡ. ಗೋಡೆ ನೋಡಿ ಬೇಡ ಎಂದರೆ ಇನ್ನೊಮ್ಮೆ ಕೇಳು ಎಂದರ್ಥ. ಕನ್ನಡಕ ಸರಿಮಾಡಿಕೊಳ್ಳುತ್ತ ಬೇಡ ಎಂದರೆ ಕೇಳುತ್ತ ನಿಲ್ಲಬೇಡ, ಬೇಗ ತಂದುಕೊಡು ಎಂದರ್ಥ. ಆ ವಾರದಲ್ಲೊಂದು ಬೆಳಿಗ್ಗೆ ಅವಸರದಲ್ಲಿದ್ದ ನಕ್ಷೆಯಕ್ಕ ಇದನ್ನು ಮರೆತು ಒಂದೇ ಸಲ ಕೇಳಿ ಕಾಫಿ ಪಾತ್ರೆ ಒಲೆಯಿಂದ ಇಳಿಸಿಬಿಟ್ಟಳು.

“ಒಂದು ಸಲ ಕೇಳಿದ್ರೆ ಕೇಳಿದ ಹಾಗಾಯ್ತಾ?” ಎಂದರು ಅತ್ತೆ, ಗೋಡೆಯನ್ನು ನೋಡುತ್ತ.

“ನೀವೇ ಬೇಡ ಅಂದ್ರಲ್ಲ, ಅತ್ತೆ.”

“ಅಂದೆ. ಅನ್ನದೆ ಇನ್ನೇನು, ಕೊಡು ಕೊಡು ಅಂತ ಕೈ ಚಾಚಲಾ?”

ಅವಳು ಗೊಣಗುತ್ತಲೇ ಮತ್ತೆ ಒಲೆ ಹಚ್ಚಿ, ಕಾಫಿ ಕೊಟ್ಟು, ತಡವಾಗಿ ಕಚೇರಿ ಸೇರಿದಳು.

ಅಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವಳೆದುರು ತಟ್ಟೆ ಇಟ್ಟುಕೊಂಡು ಕೂತವಳು ಹಲೋ. ಕೆಳಗಿನ ಮಹಡಿಯಲ್ಲಿ ಫೋನ್ ಎತ್ತುವವರ ಮೇಲ್ವಿಚಾರಕಿ ಆಕೆ. ಮನೆಯಲ್ಲಿ ಯಾರಾದರೂ ಕೂಗಿದರೂ ಹಲೋ ಎಂದೇ ಓಗೊಡುತ್ತಾಳೆಂದು ಆ ಹೆಸರು. ಹಲೋಗೆ ಅಂದು ಬೆಳಗಿನ ಪಾಳಿ ಸಾಕುಬೇಕಾಗಿತ್ತು.

“ಈ ಬೇಡ ಅನ್ನೋರ ಕಾಟ ನೋಡಕ್ಕ,” ಎಂದಳು. “ಬೆಳಿಗ್ಗೆ ಒಬ್ರು ಫೋನ್ ಮಾಡಿ ತಲೆ ತಿರುಗ್ತಿದೆ ಅಂದ್ರು. ಅಡ್ರೆಸ್ ಬರ್ಕೊಂಡು ಮುಗಿಸೋ ಹೊತ್ತಿಗೆ, ಬೇಡ ಬಿಡಿ, ಸರಿಹೋಯ್ತು ಅಂತ ಇಟ್ಟುಬಿಟ್ರು. ಸ್ವಲ್ಪ ಹೊತ್ತಿಗೆ ಹಳದಿ ಸಾಲು ಬಂತು. ವಾಪಸ್ ಮಾಡಿದ್ರೆ ಎತ್ತೋರಿಲ್ಲ. ಗಾಡಿ ಕಳಿಸಿದ್ವಿ. ಅಡುಗೆಮನೇಲಿ ಬಿದ್ದಿದ್ರಂತೆ.”

“ಹಳದಿ ಸಾಲು ಅಂದ್ರೆ?”

“ಅದೇ ಅಕ್ಕ, ಬೇಡ ಅಂದು ಇಟ್ಟವರ ನಂಬರು ಸ್ವಲ್ಪ ಹೊತ್ತಾದ ಮೇಲೆ ಪರದೆ ಮೇಲೆ ಹಳದಿಯಾಗಿ ಬರುತ್ತಲ್ಲ. ಬಂದ್ರೆ ನಾವು ಮತ್ತೆ ಫೋನ್ ಮಾಡಿ ವಿಚಾರಿಸ್ತೀವಿ.”

“ಅದನ್ನ ಯಾರು ಕಳಿಸ್ತಾರೆ?”

ಹಲೋ ತುತ್ತು ಕೈಯಲ್ಲೇ ಹಿಡಿದು ನೋಡಿದಳು. “ನೀವೇ ತಾನೇ? ಮೇಲಿನೋರು.”

ಮೇಲಿನವರಲ್ಲಿ ಯಾರೂ ಅದನ್ನು ಕಳಿಸುತ್ತಿರಲಿಲ್ಲ. ಹಾಗೊಂದು ಸಾಲು ಇದೆಯೆಂದೇ ಮೇಲೆ ಯಾರಿಗೂ ಗೊತ್ತಿರಲಿಲ್ಲ. ನಕ್ಷೆಯಕ್ಕ ತಟ್ಟೆ ಅಲ್ಲೇ ಬಿಟ್ಟು ಮೆಟ್ಟಿಲೇರಿದಳು.

‘ಬೇಡ’ವನ್ನು ತೆರೆದು ಓದಿದಾಗ ಅವಳಿಗೆ ಮೊದಲು ಬಂದದ್ದು ನಾಚಿಕೆ. ಪ್ರೋಗ್ರಾಮು ಬರೆದಿಟ್ಟು ನಿವೃತ್ತರಾದ ಆ ಹಳಬರು ಅದನ್ನು ಬೇಡವಾದದ್ದೆಂದು ಹಾಗೆ ಕರೆದಿರಲಿಲ್ಲ. ಬೇಡ ಎಂದವರನ್ನು ನೋಡಿಕೊಳ್ಳುವ ಪ್ರೋಗ್ರಾಮು ಅದು, ಅದಕ್ಕೇ ಆ ಹೆಸರು. ಅದು ಯಾರನ್ನೂ ಕರೆಯುತ್ತಿರಲಿಲ್ಲ, ಅದನ್ನೂ ಯಾರೂ ಕರೆಯುತ್ತಿರಲಿಲ್ಲ. ಆಗಾಗ ತಾನೇ ಎದ್ದು, ಬೇಡ ಎಂದು ಫೋನ್ ಇಟ್ಟವರ ನಂಬರಿನ ಪಕ್ಕ ಒಂದು ಗುರುತು ಹಾಕಿ, ಮತ್ತೆ ಮಲಗುತ್ತಿತ್ತು. ಪರದೆ ತುಂಬಿಸುವ ಪ್ರೋಗ್ರಾಮು ಆಮೇಲೆ ತನ್ನ ಪಾಡಿಗೆ ಬಂದು, ಗುರುತು ಕಂಡರೆ ಆ ಸಾಲನ್ನು ಹಳದಿ ಮಾಡುತ್ತಿತ್ತು. ಒಬ್ಬರು ಬಾಗಿಲ ಬಳಿ ಇಟ್ಟು ಹೋದದ್ದನ್ನು ಇನ್ನೊಬ್ಬರು ಬಂದು ಎತ್ತಿಕೊಂಡು ಹೋದ ಹಾಗೆ. ಇಬ್ಬರೂ ಒಮ್ಮೆಯೂ ಭೇಟಿಯಾಗದಿದ್ದ ಮೇಲೆ ಸಾಧನಕ್ಕೆ ಗೆರೆ ಎಲ್ಲಿಂದ ಕಾಣಬೇಕು? ಪರೀಕ್ಷೆಯಲ್ಲಿ ಏನೂ ಆಗದಿದ್ದದ್ದು ಯಾಕೆಂದೂ ಈಗ ತಿಳಿಯಿತು. ಪರೀಕ್ಷೆಗೆಂದು ಇವರೇ ಕಟ್ಟಿದ ಸುಳ್ಳು ಕರೆಗಳಲ್ಲಿ ಎಲ್ಲರೂ ಆಂಬುಲೆನ್ಸ್ ಬೇಕೆನ್ನುವವರೇ. ಬೇಡ ಎನ್ನುವವರನ್ನು ಕಟ್ಟಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಅವಳು ನೇರ ಮುಖ್ಯಸ್ಥರ ಕೋಣೆಗೆ ಹೋದಳು. ಕೂರದೆ ಎಲ್ಲ ಹೇಳಿದಳು. ಅವರ ಬಿಳಿ ಹಲಗೆಯ ಮೇಲೆ ‘ಬೇಡ’ದಿಂದ ಫೋನಿನವರ ಪರದೆಗೆ ಚುಕ್ಕೆ ಚುಕ್ಕೆಯ ಗೆರೆ ಎಳೆದಳು. “ಮನೆ ಪ್ಲಾನಿನಲ್ಲಿ ನೆಲದಡಿ ಹೋಗೋ ಪೈಪನ್ನ ಹೀಗೇ ಬರೀತೀವಿ ಸರ್. ಕಣ್ಣಿಗೆ ಕಾಣಲ್ಲ ಅಂತ ಬಿಟ್ಟುಬಿಟ್ರೆ ಮುಂದೊಂದು ದಿನ ಯಾರೋ ಬಂದು ಅದರ ಮೇಲೇ ಅಗೀತಾರೆ. ನಿಮ್ಮ ಸಾಧನಕ್ಕೆ ಚುಕ್ಕೆ ಗೆರೆ ಎಳೆಯೋಕೆ ಬರಲ್ಲ.”

ಮುಖ್ಯಸ್ಥರು ಪೂರ್ತಿ ಕೇಳಿದರು. ಆಮೇಲೆ, “ಮೇಡಂ, ಇದಕ್ಕೆ ನೀವೇ ಸಹಿ ಹಾಕಿದ್ದೀರಿ,” ಎಂದರು.

“ಹಾಕಿದ್ದೆ. ತಪ್ಪು ಮಾಡಿದೆ. ವಾಪಸ್ ತಗೋತೀನಿ.”

“ಗೋಡೆ ತಪ್ಪು, ಪರದೆ ಸರಿ ಅಂತಾನೂ ನೀವೇ ಹೇಳ್ತಿದ್ರಿ. ಈಗ ನಿಮಗೆ ಬೇಕಾದ ಚೌಕಕ್ಕೆ ಮಾತ್ರ ಪರದೆ ತಪ್ಪು ಅಂದ್ರೆ ನಾನು ಯಾವುದನ್ನ ನಂಬಲಿ?” ಅವರು ದನಿ ಏರಿಸಲಿಲ್ಲ. “ಇನ್ನೊಂದು ಮಾತು. ಬೇಡ ಅಂದವರ ಮನೆಗೆ ಗಾಡಿ ಕಳಿಸಿದ್ರೆ, ಬೇಕು ಅಂದವರಿಗೆ ಅಷ್ಟು ಹೊತ್ತು ಗಾಡಿ ಇರಲ್ಲ. ಅವರಿಗೆ ಏನಾದ್ರೂ ಆದ್ರೆ? ಹೊಸದಕ್ಕೆ ಹೋದಮೇಲೆ ಇದನ್ನ ಸರಿಯಾಗಿ ಯೋಚನೆ ಮಾಡೋಣ. ಈಗ ಬೇಡ.”

ಆ ಮಾತಿನಲ್ಲಿ ಹುರುಳಿತ್ತು. ಹುರುಳಿದ್ದದ್ದರಿಂದಲೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. “ಬೇಡ ಅನ್ನೋದೆಲ್ಲ ಒಂದೇನಾ ಸರ್? ನಿಮ್ಮ ಮನೇಲಿ ಯಾರೂ ಬೇಡ ಅಂದುಕೊಂಡು ಕೂತಿಲ್ವಾ?” ಎಂದಳು.

“ಮೇಡಂ, ನಿರ್ಧಾರ ಆಗಿದೆ,” ಎಂದು ಅವರು ಹಲಗೆಯ ಕಡೆ ನೋಡದೆ ಹೇಳಿದರು.

ವಾರದ ಕೊನೆಗೆ ‘ಬೇಡ’ ಆರಿತು. ಪರದೆಯ ಮೇಲಿನ ಚಿತ್ರ ಈಗ ಬೂದು ಚೌಕಗಳಿಲ್ಲದೆ ಚೊಕ್ಕವಾಗಿ ಕಾಣುತ್ತಿತ್ತು. ನೋಡಿದವರೆಲ್ಲ ಚಂದ ಎಂದರು.

ಮುಂದಿನ ವಾರದ ಮೊದಲ ದಿನ ನಕ್ಷೆಯಕ್ಕ ಕಚೇರಿಗೆ ಬಂದಳು, ಮೆಟ್ಟಿಲು ಹತ್ತಲಿಲ್ಲ. ಚೀಲ ಹೆಗಲಿಂದ ಇಳಿಸದೆ ಕೆಳಗಿನ ಮಹಡಿಯ ಬಾಗಿಲು ತಳ್ಳಿಕೊಂಡು ಹೋಗಿ ಹಲೋಳನ್ನು ಕೇಳಿದಳು.

“ಖಾಲಿ ಫೋನ್ ಇದೆಯಾ?”

“ಕಿಟಕಿ ಹತ್ರದ್ದು ಖಾಲಿ. ಯಾಕಕ್ಕ?”

“ಬೇಡ ಅಂದು ಇಟ್ಟವರ ಕರೆ ಬಂದಾಗೆಲ್ಲ ನನಗೆ ಕೈ ಎತ್ತಿ ತೋರ್ಸಿ. ನಂಬರು ಕೊಡಿ. ನಾನು ವಾಪಸ್ ಮಾಡ್ತೀನಿ.”

“ಮೇಲಿನ ಕೆಲಸ?”

“ಮೇಲಿನೋರು ನೋಡ್ಕೋತಾರೆ. ಅವರು ಕಿತ್ತಿದ್ದನ್ನ ನಾನು ಮಾಡ್ತೀನಿ.”

ಹಲೋ ಒಂದು ಕ್ಷಣ ಅವಳ ಮುಖ ನೋಡಿ, ಇದು ತಡೆದರೆ ನಿಲ್ಲುವ ಗಾಡಿಯಲ್ಲ ಎಂದು ಅರಿತು, ಹೆಡ್‌ಫೋನ್ ಒಂದನ್ನು ಒರೆಸಿ ಕೊಟ್ಟಳು.

ಅದೇನೂ ಸುಖದ ಕೆಲಸವಾಗಿರಲಿಲ್ಲ. ಬೇಡ ಎಂದವರಲ್ಲಿ ಹೆಚ್ಚಿನವರಿಗೆ ನಿಜವಾಗಿಯೂ ಬೇಡವಾಗಿತ್ತು. “ಹೇಳಿದ್ನಲ್ರೀ, ಯಾಕೆ ತಲೆ ತಿಂತೀರಾ?” ಎಂದು ಒಬ್ಬ ಗದರಿದ. “ನಿಮಗೆ ಬೇರೆ ಕೆಲಸ ಇಲ್ವಾ?” ಎಂದು ಒಬ್ಬಾಕೆ ಕೇಳಿದಳು. ಇನ್ನೊಬ್ಬರು, ಮಗು ಆಟಕ್ಕೆ ಒತ್ತಿದ್ದೆಂದು ಕ್ಷಮೆ ಕೇಳಿ, ಆ ಮಗುವಿಗೇ ಫೋನ್ ಕೊಟ್ಟರು, ಅದು ಇವಳಿಗೆ ತನ್ನ ಬೆಕ್ಕಿನ ವಿಷಯವೆಲ್ಲ ಹೇಳಿತು. ದಿನ ಕಳೆದಂತೆ ಅವಳಿಗೇ ಅನುಮಾನ ಬಂತು. ಮುಖ್ಯಸ್ಥರು ಹೇಳಿದ್ದೇ ಸರಿಯೇನೋ, ತಾನು ಬರೀ ಹಠಕ್ಕೆ ಕೂತಿದ್ದೇನೇನೋ ಎಂದು. ಮೇಲಿನಿಂದ ಬುಲಾವ್ ಬಂತು. ಹೋಗಲಿಲ್ಲ. ಮತ್ತೆ ಬಂತು. “ಬರಲ್ಲ ಅಂತ ಹೇಳು,” ಎಂದು ಹೇಳಿಕಳಿಸಿದಳು. ಹೀಗೇ ಮುಂದುವರಿದರೆ ಕ್ರಮ ಕೈಗೊಳ್ಳಬೇಕಾಗುತ್ತದೆ ಎಂದು ಮೇಲಿನವರ ಎಚ್ಚರಿಕೆಯೂ ಬಂತು. ಅವಳಿಗೆ ಭಯವಾಯಿತು. ಈ ವಯಸ್ಸಿನಲ್ಲಿ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ಇಳಿಜಾರು ಮೇಜಿನ ಮುಂದಿನಿಂದ ಒಮ್ಮೆ ಎಬ್ಬಿಸಿ ಕಳಿಸಿದ್ದು ಮರೆಯುವಂಥದ್ದೂ ಅಲ್ಲ. ಭಯವಾದರೂ ಎದ್ದು ಹೋಗಲು ಕಾಲು ಬರಲಿಲ್ಲ. ಏಳುತ್ತಿದ್ದಂತೆ ಯಾರಾದರೂ ಬೇಡ ಎಂದುಬಿಟ್ಟರೆ?

ಆಮೇಲೆ ಒಂದು ದಿನ ಬೆಳಿಗ್ಗೆ ಹಲೋ ಕೈ ಎತ್ತಿದಳು. ಒಬ್ಬ ಗಂಡಸು ಫೋನ್ ಮಾಡಿ, ಎದೆ ಒಂಥರಾ ಆಗ್ತಿದೆ ಎಂದು ಶುರುಮಾಡಿ, ಬೇಡ ಬಿಡಿ ಎಂದು ಹದಿನೈದು ಸೆಕೆಂಡಿನೊಳಗೆ ಇಟ್ಟುಬಿಟ್ಟಿದ್ದ. ನಕ್ಷೆಯಕ್ಕ ನಂಬರು ಒತ್ತಿದಳು. ಬಹಳ ಹೊತ್ತು ಗಂಟೆಯಾದ ಮೇಲೆ ಫೋನ್ ಎತ್ತಿದ ಸದ್ದಾಯಿತು.

“ಆಂಬುಲೆನ್ಸ್ ಕಚೇರಿಯಿಂದ ಮಾತಾಡ್ತಿದೀನಿ. ಈಗ ಹೇಗಿದ್ದೀರಿ?”

“ಪರವಾಗಿಲ್ಲಮ್ಮ. ಬೇಡ ಅಂದ್ನಲ್ಲ.” ದನಿ ತೆಳ್ಳಗಿತ್ತು.

ಮುಖ ಕಾಣುವಂತಿದ್ದರೆ ಅವನು ಎಲ್ಲಿ ನೋಡುತ್ತ ಹೇಳಿದನೆಂದು ತಿಳಿಯುತ್ತಿತ್ತು. ಫೋನಿನಲ್ಲಿ ಏನು ತಿಳಿಯಬೇಕು? ಅವಳು ಬೇರೆ ದಾರಿ ಹಿಡಿದಳು. “ಸರಿ, ಕಳಿಸಲ್ಲ. ಒಂದು ಲೋಟ ನೀರು ಕುಡಿದುಬಿಡಿ, ನಾನು ಹಾಗೇ ಫೋನಲ್ಲಿ ಇರ್ತೀನಿ.”

“ನೀರು ಆ ಕಡೆ ಇದೆ.”

“ಎದ್ದು ತಗೊಳ್ಳಿ.”

ಉಸಿರು ಮಾತ್ರ ಕೇಳಿಸುತ್ತಿತ್ತು.

“ಎಲ್ಲಿ ಕೂತಿದ್ದೀರಿ ನೀವು?”

“ನೆಲದ ಮೇಲೆ. ಅಂಗಡಿ ನನ್ನದು, ಬಟ್ಟೆ ಹೊಲೀತೀನಿ. ಒಳಗಿಂದ ಶಟರ್ ಎಳ್ಕೊಂಡು ಕೆಲಸ ಮಾಡ್ತಿದ್ದೆ.”

“ಹೊಲಿಗೆಯಣ್ಣ, ಫೋನ್ ಮಾಡಿದವರು ಮತ್ತೆ ಬೇಡ ಅಂತ ಯಾಕಂದ್ರಿ?”

ಅವನು ಸಂಕೋಚದಿಂದ ಹೇಳಿದ. “ನಿಮ್ಮೋರು ಬಂದ್ರೆ ಶಟರ್ ತೆಗೀಬೇಕಲ್ಲಮ್ಮ. ನನಗೆ ಏಳೋಕಾಗ್ತಿಲ್ಲ. ಪಾಪ, ಹೊರಗೆ ನಿಂತು ಬಡೀತಾ ಇರ್ತಾರೆ ಅಂತ.”

ನಕ್ಷೆಯಕ್ಕನ ಕಣ್ಣು ತುಂಬಿ ಬಂತು, ಜೊತೆಗೆ ಕೆಟ್ಟ ಕೋಪವೂ ಬಂತು, ಅವನ ಮೇಲಲ್ಲ. “ಶಟರ್ ಚಿಂತೆ ನಮಗಿರಲಿ. ಯಾವ ಬೀದಿ ಹೇಳಿ,” ಎಂದಳು. ಅವಳು ಅವನ ಕರೆ ಕಡಿಯದೆ ಅದೇ ಫೋನಿನಿಂದ ನೇರ ಗಾಡಿಯವರನ್ನೇ ಕರೆದಳು, ಶಟರ್ ಎತ್ತಲು ಸರಳು ತನ್ನಿ ಎಂದು ಹೇಳಿದಳು. ಗಾಡಿ ತಲುಪುವ ತನಕ ಆ ದರ್ಜಿಯ ಜೊತೆ ಅವನು ಹೊಲಿಯುತ್ತಿದ್ದ ಅಂಗಿಯ ವಿಷಯ ಮಾತಾಡುತ್ತ ಕೂತಳು. ತೋಳು ಎಷ್ಟು ಉದ್ದ ಎಂದು ಕೇಳಿದಳು. ಗುಂಡಿ ಹಾಕಿದ್ದಾಯಿತೇ ಎಂದು ಕೇಳಿದಳು. ಅವನು ಒಂದೊಂದಾಗಿ ಉತ್ತರ ಹೇಳಿದ. ಕೊನೆಗೆ ಶಟರ್ ಎತ್ತಿದ ದೊಡ್ಡ ಸದ್ದು ಅವಳ ಕಿವಿಗೆ ಕೇಳಿಸಿತು. ಎದೆಯ ನಾಳ ಕಟ್ಟಿಕೊಂಡಿತ್ತು, ಹೊತ್ತಿಗೆ ಸರಿಯಾಗಿ ತಂದಿರಿ ಎಂದು ಆಸ್ಪತ್ರೆಯಿಂದ ಆಮೇಲೆ ಹಲೋಗೆ ಫೋನ್ ಬಂತು.

ಮಧ್ಯಾಹ್ನವಾಗುವ ಮುಂಚೆ ಮುಖ್ಯಸ್ಥರು ಕೆಳಗೆ ಇಳಿದು ಬಂದರು. ಅವರು ಫೋನಿನವರ ಕೋಣೆಗೆ ಬಂದದ್ದು ಅದೇ ಮೊದಲು. ಫೋನ್ ಎತ್ತುವವರೆಲ್ಲ ಕತ್ತು ತಿರುಗಿಸಿ ನೋಡಿದರು. ಅವರು ನೇರ ಕಿಟಕಿಯ ಪಕ್ಕದ ಮೇಜಿಗೆ ಬಂದು ನಿಂತರು. ಗದರಿಸಲು ಬಂದಂತಿರಲಿಲ್ಲ, ನಿಜವಾಗಿಯೂ ಗೊಂದಲದಲ್ಲಿದ್ದರು.

“ಮೇಡಂ, ಮೇಲೆ ಪರದೆ ಮೇಲೆ ಒಂದು ಹೊಸ ಚೌಕ ಬಂದಿದೆ. ಹೆಸರಿಲ್ಲ, ಬರೀ ಒಂದು ಫೋನ್ ನಂಬರು. ಕೆಲವು ದಿನದಿಂದ ಸಣ್ಣ ಸಣ್ಣ ಗೆರೆ ಇತ್ತು, ನಾನು ಗಮನಿಸಿರಲಿಲ್ಲ. ಇವತ್ತು ಗಾಡಿಗೆ ನೇರ ಗೆರೆ ಎಳೆದಿದೆ. ನಮ್ಮ ವಿನ್ಯಾಸದಲ್ಲಿ ಅಂಥದ್ದು ಇಲ್ವೇ ಇಲ್ಲ. ಯಾರು ಸೇರಿಸಿದ್ದು ಅಂತ ಮೇಲೆ ಯಾರಿಗೂ ಗೊತ್ತಿಲ್ಲ. ನಿಮಗೇನಾದ್ರೂ ಗೊತ್ತಾ?”

“ಗೊತ್ತು,” ಎಂದಳು. “ಅದು ನಾನು.”

ಅವರು ಮೇಜಿನ ಮೇಲಿನ ಫೋನ್ ನೋಡಿದರು, ಅದರ ಮೇಲೆ ಅಂಟಿಸಿದ್ದ ನಂಬರು ನೋಡಿದರು. “ನೀವು ಮನುಷ್ಯರು ಮೇಡಂ. ಸಿಸ್ಟಮ್ ಅಲ್ಲ.”

“ಆ ಹೊಲಿಗೆಯಣ್ಣ ಅದನ್ನ ಕೇಳಲಿಲ್ಲ ಸರ್. ಅವನಿಗೆ ವಾಪಸ್ ಒಂದು ಫೋನ್ ಬಂದ್ರೆ ಸಾಕಿತ್ತು.”

“ಯಾವ ಹೊಲಿಗೆಯಣ್ಣ?”

ಅವಳು ಹೇಳಿದಳು. ಶಟರಿನ ವಿಷಯಕ್ಕೆ ಬಂದಾಗ ಅವರು ಪಕ್ಕದ ಕುರ್ಚಿಯ ಬೆನ್ನು ಹಿಡಿದುಕೊಂಡರು.

“ಗೆರೆ ಇಲ್ಲದ್ದನ್ನ ತೆಗೆಯೋಣ ಅಂದ್ರಿ,” ಎಂದಳು ನಕ್ಷೆಯಕ್ಕ. “ಈ ಚೌಕಕ್ಕೆ ಗೆರೆ ಇದೆ, ನಿಮ್ಮ ಪರದೇನೇ ಎಳೆದಿದೆ. ಇದನ್ನೂ ತೆಗೀತೀರಾದ್ರೆ ತೆಗೀರಿ, ನೀವೇ ಕೈಯಾರೆ ನನ್ನ ಎಬ್ಬಿಸಿ. ನಾನಾಗಿ ಏಳಲ್ಲ.”

ಮುಖ್ಯಸ್ಥರು ಎಬ್ಬಿಸುವುದಿಲ್ಲ ಎಂಬಂತೆ ತಲೆ ಅಲ್ಲಾಡಿಸಿದರು. “ಈಗಲೇ ಹೋಗಿ ಅದನ್ನ ವಾಪಸ್ ಹಾಕಿಸ್ತೀನಿ. ಹೊಸದಕ್ಕೂ ಅದು ಬರುತ್ತೆ. ಮೇಲೆ ಬನ್ನಿ ಮೇಡಂ.”

“ಹಾಕಿಸಿ. ಹಲೋಳ ಪರದೆ ಮೇಲೆ ಹಳದಿ ಸಾಲು ನನ್ನ ಕಣ್ಣಾರೆ ನೋಡಿದ ಮೇಲೆ ಬರ್ತೀನಿ.”

ಅವರು ಮೆಟ್ಟಿಲ ಕಡೆ ಬೇಗ ಬೇಗ ನಡೆದರು. ಅಷ್ಟರಲ್ಲಿ ಹಲೋ ಆ ಕಡೆಯಿಂದ ಮತ್ತೆ ಕೈ ಎತ್ತಿದಳು. ನಕ್ಷೆಯಕ್ಕ ಹೆಡ್‌ಫೋನ್ ಸರಿಮಾಡಿಕೊಂಡು ನಂಬರು ಒತ್ತಿದಳು. ಎರಡನೆಯ ಗಂಟೆಗೇ ಒಬ್ಬ ಹೆಂಗಸು ಎತ್ತಿ, ಇವಳು ಯಾರೆಂದು ಹೇಳಿ ಮುಗಿಸುವ ಮುಂಚೆಯೇ ರೇಗಿದಳು.

“ಬೇಡ ಅಂತ ಹೇಳಿದ್ನಲ್ಲ?”

“ಹೇಳಿದ್ರಿ, ಅಮ್ಮ,” ಎಂದಳು ನಕ್ಷೆಯಕ್ಕ. “ಅದಕ್ಕೇ ಮಾಡಿದ್ದು.”